ಬ್ಲಾಗ್ ಸ್ಥಳಾಂತರ: ಫೀಡ್ ಓದುಗರನ್ನು ಕಳೆದುಕೊಳ್ಳದೆ ವೇದಿಕೆ ಬದಲಿಸುವ ಬಗೆ

ಬ್ಲಾಗನ್ನು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಒಯ್ಯುವಾಗ ವಿನ್ಯಾಸ, ಚಿತ್ರಗಳು, ಹಳೆಯ ಬರಹಗಳು ಎಲ್ಲವೂ ಗಮನಕ್ಕೆ ಬರುತ್ತವೆ. ಹೊಸ ಬರಹಗಳನ್ನು ಓದುಗರ ರೀಡರ್ ತಂತ್ರಾಂಶಕ್ಕೆ ಒದಗಿಸುವ ಕಡತವೇ ಫೀಡ್. ಅದು ಕಣ್ಣಿಗೆ ಬೀಳದ ವಸ್ತು, ಹಾಗಾಗಿ ಅದರ ನೆನಪಾಗುವುದು ಎಲ್ಲ ಮುಗಿದ ಮೇಲೆ. ಆದರೆ ಫೀಡ್ ಮೂಲಕ ಓದುವವರು ನಿಮ್ಮ ಬರಹ ಬೇಕೆಂದು ತಾವಾಗಿ ಸೇರಿಕೊಂಡವರು. ಫೀಡ್ ನಿಂತರೆ ಅವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ರೀಡರ್‌ನಲ್ಲಿ ಹೊಸದೇನೂ ಬರುವುದಿಲ್ಲ, ಈ ಮನುಷ್ಯ ಬರೆಯುವುದನ್ನೇ ಬಿಟ್ಟಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ.

ಕೆಡುವುದು ಎರಡು ರೀತಿ. ಒಂದು, ಫೀಡ್ ಸಂಪೂರ್ಣ ನಿಂತುಹೋಗುವುದು. ಇನ್ನೊಂದು, ಹತ್ತು ಇಪ್ಪತ್ತು ಹಳೆಯ ಬರಹಗಳು ಒಮ್ಮೆಲೇ ಹೊಸದಾಗಿ ಬಂದು ಎಲ್ಲರ ರೀಡರ್ ತುಂಬಿಬಿಡುವುದು. ಮೊದಲನೆಯದಕ್ಕೆ ಕಾರಣ ಫೀಡಿನ ವಿಳಾಸ, ಎರಡನೆಯದಕ್ಕೆ ಕಾರಣ ಪ್ರತಿ ಬರಹಕ್ಕೂ ಇರುವ ಗುರುತು. ಹೆಚ್ಚಿನವರು ವಿಳಾಸವನ್ನು ರಿಡೈರೆಕ್ಟ್ ಮಾಡಿ, ಅಂದರೆ ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಗುರುತನ್ನೂ ಉಳಿಸಿಕೊಂಡರೆ ಮಾತ್ರ ಸ್ಥಳಾಂತರ ಓದುಗರ ಅರಿವಿಗೇ ಬಾರದೆ ಮುಗಿಯುತ್ತದೆ.

ಯಾವ ಫೀಡ್‌ಗಳು ಬಳಕೆಯಲ್ಲಿವೆ, ಮೊದಲು ನೋಡಿ

ಒಂದು ಬ್ಲಾಗಿಗೆ ಒಂದೇ ಫೀಡ್ ಇರುವುದು ಅಪರೂಪ. ಫೀಡ್ ಬರೆಯುವ ರೂಪಗಳಲ್ಲಿ ಹೆಚ್ಚು ಬಳಕೆಯವು ಆರ್‌ಎಸ್‌ಎಸ್ ಮತ್ತು ಆಟಂ. ವರ್ಡ್‌ಪ್ರೆಸ್‌ನಲ್ಲಿ ಮುಖ್ಯ ಫೀಡ್ ‘/ಫೀಡ್/’ ಎಂಬಲ್ಲಿದ್ದರೆ ಆಟಂ ರೂಪ ‘/ಫೀಡ್/ಆಟಂ/’ ಎಂಬಲ್ಲಿರುತ್ತದೆ. ಪ್ರತಿಕ್ರಿಯೆಗಳಿಗೆ ಇನ್ನೊಂದು, ಪ್ರತಿ ವಿಭಾಗಕ್ಕೂ ಟ್ಯಾಗಿಗೂ ಒಂದೊಂದು. ಬ್ಲಾಗರ್‌ನಲ್ಲಿ ಮುಖ್ಯ ಫೀಡ್ ‘/ಫೀಡ್ಸ್/ಪೋಸ್ಟ್ಸ್/ಡೀಫಾಲ್ಟ್’, ಅದರ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಆಲ್ಟ್=ಆರ್‌ಎಸ್‌ಎಸ್’ ಎಂದು ಸೇರಿಸಿದರೆ ಅದೇ ವಸ್ತು ಆರ್‌ಎಸ್‌ಎಸ್ ರೂಪದಲ್ಲಿ ಸಿಗುತ್ತದೆ. ಜನ ಇವುಗಳಲ್ಲಿ ಯಾವುದಕ್ಕಾದರೂ ಚಂದಾದಾರರಾಗಿರಬಹುದು. ಎಂದೋ ಫೀಡ್ ಹಂಚುವ ಗೂಗಲ್ ಸೇವೆಯಾದ ಫೀಡ್‌ಬರ್ನರ್ ಹಾಕಿದ್ದರೆ ಅಲ್ಲಿನ ವಿಳಾಸವೂ ಪಟ್ಟಿಯಲ್ಲಿರಲಿ. ಅದನ್ನು ರಿಡೈರೆಕ್ಟ್ ಮಾಡುವ ಅಗತ್ಯವಿಲ್ಲ, ಫೀಡ್‌ಬರ್ನರ್ ಸೆಟ್ಟಿಂಗ್‌ನಲ್ಲಿ ಮೂಲ ಫೀಡ್ ವಿಳಾಸ ಬದಲಿಸಿದರೆ ಸಾಕು.

ಸರ್ವರ್ ಲಾಗ್, ಅಂದರೆ ತಾಣಕ್ಕೆ ಬಂದ ಕೋರಿಕೆಗಳ ದಾಖಲೆ, ನೋಡಲು ಸಿಗುವುದಾದರೆ ಒಂದು ತಿಂಗಳ ಲಾಗ್ ತೆಗೆದು, ಫೀಡ್ ದಾರಿಗಳಿಗೆ (ವಿಳಾಸದಲ್ಲಿ ಡೊಮೇನ್ ನಂತರದ ಭಾಗ) ಬಂದ ಕೋರಿಕೆಗಳನ್ನು ಬೇರ್ಪಡಿಸಿ. ಫೀಡ್ಲಿಯಂತಹ ರೀಡರ್ ಸೇವೆಗಳು ತಾವು ಯಾರೆಂದು ಹೇಳುವ ಯೂಸರ್ ಏಜೆಂಟ್ ಸಾಲಿನಲ್ಲೇ ಎಷ್ಟು ಚಂದಾದಾರರ ಪರವಾಗಿ ಬಂದಿದ್ದೇವೆ ಎಂದು ಬರೆದಿರುತ್ತವೆ. ಹಾಗಾಗಿ ಒಂದು ದಾರಿಗೆ ಒಂದೇ ರೋಬಾಟ್ ಬಂದಿದೆ ಎಂದು ಅದನ್ನು ಕಡೆಗಣಿಸಬೇಡಿ, ಅದರ ಹಿಂದೆ ನೂರಾರು ಜನ ಇರಬಹುದು. ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಬದಲಾವಣೆಯ ನಂತರ ಹೋಲಿಸಿ ನೋಡಲು ಬೇರೆ ಅಳತೆಗೋಲು ಸಿಗುವುದಿಲ್ಲ.

ಇದೇ ಹೊತ್ತಿಗೆ ಎಲ್ಲ ಫೀಡ್‌ಗಳ ಪ್ರತಿಯನ್ನೂ ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಜೊತೆಗೆ ಹಳೆಯ ವೇದಿಕೆಯ ಪೂರ್ಣ ಬ್ಯಾಕಪ್ ಕೂಡ. ಮುಂದಿನ ಹೆಜ್ಜೆ ನಿಂತಿರುವುದೇ ಈ ಪ್ರತಿಗಳ ಮೇಲೆ.

ಬರಹದ ಗುರುತು ಬದಲಾಗಬಾರದು

ಆರ್‌ಎಸ್‌ಎಸ್ ಫೀಡಿನಲ್ಲಿ ಪ್ರತಿ ಬರಹಕ್ಕೂ ಜಿಯುಐಡಿ ಎಂಬ ಅಂಶ ಇರುತ್ತದೆ, ಆಟಂನಲ್ಲಿ ಅದು ಐಡಿ. ಒಂದು ಬರಹವನ್ನು ಈಗಾಗಲೇ ನೋಡಿದ್ದೇನೆಯೇ ಇಲ್ಲವೇ ಎಂದು ರೀಡರ್ ತೀರ್ಮಾನಿಸುವುದು ಮುಖ್ಯವಾಗಿ ಇದರಿಂದಲೇ. ಶೀರ್ಷಿಕೆ ಅದೇ, ದಿನಾಂಕ ಅದೇ, ಒಳಗಿನ ಪ್ರತಿ ಅಕ್ಷರವೂ ಅದೇ ಇದ್ದರೂ ಗುರುತು ಬೇರೆಯಾದರೆ ಹೆಚ್ಚಿನ ರೀಡರ್‌ಗಳಿಗೆ ಅದು ಹೊಸ ಬರಹ. 2005ರಲ್ಲಿ ಪ್ರಕಟವಾದ ಆಟಂ ನಿಯಮ, ಆರ್‌ಎಫ್‌ಸಿ 4287, ಫೀಡನ್ನು ಬೇರೆಡೆಗೆ ಒಯ್ದರೂ, ರಫ್ತು ಆಮದು ಮಾಡಿದರೂ ಐಡಿ ಬದಲಾಗಕೂಡದು ಎಂದು ಕಡ್ಡಾಯವಾಗಿ ಹೇಳುತ್ತದೆ. ಆಮದು ಮಾಡುವ ಸಾಧನಗಳು ಇದನ್ನು ಯಾವಾಗಲೂ ಪಾಲಿಸುವುದಿಲ್ಲ ಎಂಬುದೇ ತೊಂದರೆ.

ವೇದಿಕೆಗೊಂದು ಪದ್ಧತಿ. ವರ್ಡ್‌ಪ್ರೆಸ್ ಬರಹದ ಸಂಖ್ಯೆ ಇರುವ ಒಂದು ವಿಳಾಸವನ್ನು ಡೇಟಾಬೇಸ್‌ನ ಜಿಯುಐಡಿ ಕಾಲಂನಲ್ಲಿ ಇಟ್ಟುಕೊಳ್ಳುತ್ತದೆ. ಬ್ಲಾಗರ್‌ನ ಗುರುತು ‘ಟ್ಯಾಗ್:’ ಎಂದು ಆರಂಭವಾಗಿ, ಬ್ಲಾಗಿನ ಸಂಖ್ಯೆ, ಬರಹದ ಸಂಖ್ಯೆಗಳೊಂದಿಗೆ ಮುಗಿಯುವ ಉದ್ದನೆಯ ಸಾಲು. ಸ್ಥಿರ ಪುಟಗಳನ್ನು ಕಟ್ಟುವ ಸಾಧನವಾದ ಹ್ಯೂಗೋ ತನ್ನ ಮೂಲ ಟೆಂಪ್ಲೇಟ್‌ನಲ್ಲಿ ಬರಹದ ಪೂರ್ಣ ವಿಳಾಸವನ್ನೇ ಗುರುತಾಗಿ ಬಳಸುತ್ತದೆ. ಅಂತಹದ್ದೇ ಇನ್ನೊಂದು ಸಾಧನವಾದ ಜೆಕಿಲ್‌ನ ಫೀಡ್ ಪ್ಲಗಿನ್ ಕೂಡ ವಿಳಾಸದ ಆಧಾರದ ಮೇಲೆಯೇ ಕಟ್ಟುತ್ತದೆ. ವಿಳಾಸವೇ ಗುರುತಾಗಿರುವ ಕಡೆ ಎಚ್‌ಟಿಟಿಪಿ ಹೋಗಿ ಎಚ್‌ಟಿಟಿಪಿಎಸ್ ಆದರೂ, ಕೊನೆಯ ಒಂದು ಸ್ಲ್ಯಾಶ್ ಹೆಚ್ಚಾದರೂ ಗುರುತು ಬದಲಾದಂತೆಯೇ.

ವರ್ಡ್‌ಪ್ರೆಸ್‌ನಿಂದ ವರ್ಡ್‌ಪ್ರೆಸ್‌ಗೆ, ಹೊಸ ಡೊಮೇನ್‌ಗೆ ಹೋಗುವವರು ಜಾಗ್ರತೆ ವಹಿಸಬೇಕಾದ ಜಾಗ ಒಂದಿದೆ. ಹಳೆಯ ಡೊಮೇನ್ ಹೆಸರನ್ನು ಡೇಟಾಬೇಸ್ ಪೂರ್ತಿ ಹುಡುಕಿ ಹೊಸದಕ್ಕೆ ಬದಲಿಸುವುದು ರೂಢಿ. ಆ ಹುಡುಕಾಟ ಜಿಯುಐಡಿ ಕಾಲಂಗೂ ಕೈಹಾಕಿದರೆ ಎಲ್ಲ ಗುರುತುಗಳೂ ಒಂದೇ ಏಟಿಗೆ ಹೋಗುತ್ತವೆ. ವರ್ಡ್‌ಪ್ರೆಸ್‌ನ ಆಜ್ಞಾಸಾಲಿನ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಬಳಸುವಾಗ ಸ್ಕಿಪ್-ಕಾಲಮ್ಸ್ ಆಯ್ಕೆಯಲ್ಲಿ ಜಿಯುಐಡಿಯನ್ನು ಹೆಸರಿಸಿ ಹೊರಗಿಡಿ. ಗುರುತಿನಲ್ಲಿ ಹಳೆಯ ಡೊಮೇನ್ ಹೆಸರು ಉಳಿದರೆ ಏನೂ ಕೆಡುವುದಿಲ್ಲ. ಅದು ಯಾರೂ ಒತ್ತುವ ಲಿಂಕ್ ಅಲ್ಲ.

ಬೇರೆ ವೇದಿಕೆಗೆ ಹೋಗುವಾಗ ಕೆಲಸ ಸ್ವಲ್ಪ ಹೆಚ್ಚು:

1. ಹಳೆಯ ಬ್ಯಾಕಪ್‌ನಿಂದ ಪ್ರತಿ ಬರಹದ ವಿಳಾಸ ಮತ್ತು ಗುರುತನ್ನು ಎರಡು ಕಾಲಂನ ಪಟ್ಟಿಯಾಗಿ ತೆಗೆಯಿರಿ. ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಎರಡರ ರಫ್ತು ಕಡತದಲ್ಲೂ ಇವು ಇರುತ್ತವೆ.
2. ಹೊಸ ವೇದಿಕೆಯಲ್ಲಿ ಪ್ರತಿ ಬರಹದ ಜೊತೆ ಹಳೆಯ ಗುರುತನ್ನು ಒಂದು ಹೆಚ್ಚುವರಿ ಅಂಶವಾಗಿ ಸೇರಿಸಿ. ಹ್ಯೂಗೋ, ಜೆಕಿಲ್‌ನಲ್ಲಾದರೆ ಬರಹದ ತಲೆಭಾಗದ ಫ್ರಂಟ್ ಮ್ಯಾಟರ್‌ನಲ್ಲಿ ಒಂದು ಸಾಲು. ವರ್ಡ್‌ಪ್ರೆಸ್‌ನಲ್ಲಾದರೆ ಕಸ್ಟಮ್ ಫೀಲ್ಡ್.
3. ಫೀಡ್ ಟೆಂಪ್ಲೇಟ್ ತಿದ್ದಿ, ಹಳೆಯ ಗುರುತು ಇದ್ದರೆ ಅದನ್ನು, ಇಲ್ಲದಿದ್ದರೆ ವೇದಿಕೆಯ ತನ್ನದೇ ಗುರುತನ್ನು ಬರೆಯುವಂತೆ ಮಾಡಿ. ಆರ್‌ಎಸ್‌ಎಸ್ ಆದರೆ ಇಸ್‌ಪರ್ಮಾಲಿಂಕ್ ಎಂಬ ಗುಣಕ್ಕೆ ‘ಫಾಲ್ಸ್’ ಎಂದು ಕೊಡಿ. ಕೊಡದಿದ್ದರೆ ಅದನ್ನು ‘ಟ್ರೂ’ ಎಂದೇ ಭಾವಿಸಬೇಕೆಂಬುದು ನಿಯಮ, ಆಗ ಕೆಲವು ರೀಡರ್‌ಗಳು ಗುರುತನ್ನೇ ಲಿಂಕ್ ಎಂದು ತೆರೆಯಲು ಹೋಗುತ್ತವೆ.

ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ ಬರುವವರಿಗೆ ಇನ್ನೊಂದು ಮಾತು. ವರ್ಡ್‌ಪ್ರೆಸ್ ಜಿಯುಐಡಿಯನ್ನು ಒಂದು ವಿಳಾಸ ಎಂದೇ ಎಣಿಸಿ ಶುಚಿಗೊಳಿಸುತ್ತದೆ. ‘ಟ್ಯಾಗ್:’ ಎಂದು ಆರಂಭವಾಗುವ ಸಾಲು ಆ ಶುಚಿಯಲ್ಲಿ ಉಳಿಯದೆ ಹೋಗಬಹುದು. ಅದಕ್ಕೇ ಕಾಲಂನಲ್ಲಿ ತುರುಕುವ ಬದಲು ಕಸ್ಟಮ್ ಫೀಲ್ಡ್‌ನಲ್ಲಿಟ್ಟು ಫೀಡ್ ಹೊರಬರುವಾಗ ಸೇರಿಸುವುದು ಕ್ಷೇಮ. ಹೇಗೆ ಮಾಡಿದರೂ ಕೊನೆಗೆ ಹೊರಬಂದ ಫೀಡ್ ಕಡತವನ್ನೇ ತೆರೆದು, ಹಳೆಯ ಫೀಡಿನ ಗುರುತುಗಳ ಪಟ್ಟಿಯನ್ನೂ ಹೊಸದರ ಪಟ್ಟಿಯನ್ನೂ ಡಿಫ್ ಸಾಧನದಿಂದ ಹೋಲಿಸಿ. ಒಂದಕ್ಷರದ ವ್ಯತ್ಯಾಸವೂ ಇರಕೂಡದು.

ಟೆಂಪ್ಲೇಟ್ ಮುಟ್ಟಲು ಬಿಡದ ವೇದಿಕೆಗಳಲ್ಲಿ ಗುರುತು ಉಳಿಸುವುದು ಸಾಧ್ಯವೇ ಆಗುವುದಿಲ್ಲ. ಆಗ ಫೀಡಿನಲ್ಲಿ ಹಳೆಯ ಬರಹಗಳೇ ಇಲ್ಲದಂತೆ ನೋಡಿಕೊಳ್ಳಿ. ಫೀಡಿನಲ್ಲಿ ಎಷ್ಟು ಬರಹ ಇರಬೇಕು ಎಂಬ ಸೆಟ್ಟಿಂಗ್ ಇದ್ದರೆ ಅದನ್ನು ಒಂದಕ್ಕೆ ಇಳಿಸಿ, ಸ್ಥಳ ಬದಲಾದ ಸುದ್ದಿಯನ್ನೇ ಆ ಒಂದು ಬರಹವಾಗಿ ಪ್ರಕಟಿಸಿ, ಹೊಸ ಬರಹಗಳು ಬಂದಂತೆ ಸಂಖ್ಯೆಯನ್ನು ಎರಡು, ಮೂರು ಎಂದು ಏರಿಸುತ್ತಾ ಹೋಗಿ. ಖಾಲಿ ಫೀಡ್ ಬಿಡಬೇಡಿ, ಒಂದೂ ಬರಹವಿಲ್ಲದ ಫೀಡನ್ನು ದೋಷವೆಂದು ಎಣಿಸುವ ರೀಡರ್‌ಗಳಿವೆ.

ಕನ್ನಡ ಶೀರ್ಷಿಕೆಗಳೂ ಬರಹದ ವಿಳಾಸವೂ

ಫೀಡಿನೊಳಗಿನ ಲಿಂಕ್‌ಗಳೂ ಸರಿಯಾದ ಬರಹಕ್ಕೇ ಹೋಗಬೇಕು. ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇಂಗ್ಲಿಷ್ ಬ್ಲಾಗುಗಳಿಗಿಲ್ಲದ ತೊಡಕುಗಳಿವೆ, ಸಾಮಾನ್ಯ ಮಾರ್ಗದರ್ಶಿಗಳಲ್ಲಿ ಇವು ಸಿಗುವುದಿಲ್ಲ.

ಬ್ಲಾಗರ್ ಶೀರ್ಷಿಕೆಯ ಲ್ಯಾಟಿನ್ ಅಕ್ಷರಗಳನ್ನು ಮಾತ್ರ ತೆಗೆದುಕೊಂಡು ವಿಳಾಸ ಕಟ್ಟುತ್ತದೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ವಿಳಾಸದ ಕೊನೆ ‘ಬ್ಲಾಗ್-ಪೋಸ್ಟ್’ ಎಂದಾಗುತ್ತದೆ, ಅದೇ ತಿಂಗಳಲ್ಲಿ ಇನ್ನೊಂದಿದ್ದರೆ ಅದರ ಮುಂದೆ ಅಡಿಗೆರೆ ಮತ್ತು ಒಂದು ಸಂಖ್ಯೆ. ತಿಂಗಳು ಬದಲಾದರೆ ಮತ್ತೆ ‘ಬ್ಲಾಗ್-ಪೋಸ್ಟ್’ ಬರುತ್ತದೆ. ಅಂದರೆ ಇಸವಿ, ತಿಂಗಳು ಬಿಟ್ಟರೆ ಹತ್ತಾರು ಬರಹಗಳ ವಿಳಾಸದ ಕೊನೆ ಒಂದೇ. ವರ್ಡ್‌ಪ್ರೆಸ್ ಆದರೋ ಇಡೀ ಬ್ಲಾಗಿನಲ್ಲಿ ಆ ಕೊನೆಯ ತುಣುಕು ಎರಡು ಬರಹಗಳಿಗೆ ಒಂದೇ ಆಗಿರಲು ಬಿಡುವುದಿಲ್ಲ, ಎರಡನೆಯದಕ್ಕೆ ತಾನೇ ಒಂದು ಸಂಖ್ಯೆ ಸೇರಿಸುತ್ತದೆ. ಹೀಗಾಗಿ ಹಳೆಯ ವಿಳಾಸದ ಮಾದರಿಯನ್ನು ಹೊಸದಕ್ಕೆ ಬದಲಿಸುವ ಒಂದೇ ಸಾಲಿನ ರಿಡೈರೆಕ್ಟ್ ನಿಯಮ ಕನ್ನಡ ಬ್ಲಾಗಿಗೆ ನಡೆಯುವುದಿಲ್ಲ. ಕೆಲವು ಲಿಂಕ್‌ಗಳು ತಪ್ಪು ಬರಹ ತೆರೆಯುತ್ತವೆ, ಅದು ಪುಟ ಸಿಗದೇ ಇರುವುದಕ್ಕಿಂತ ಕೆಟ್ಟದ್ದು. ಬರಹಕ್ಕೊಂದು ಸಾಲಿನಂತೆ ಹಳೆಯ ವಿಳಾಸ, ಹೊಸ ವಿಳಾಸಗಳ ಪಟ್ಟಿಯನ್ನೇ ಮಾಡಬೇಕು.

ವರ್ಡ್‌ಪ್ರೆಸ್‌ನಲ್ಲಿ ವಿಳಾಸದ ತುಣುಕಿಗೆ 200 ಅಕ್ಷರಗಳ ಮಿತಿ ಇದೆ. ಕನ್ನಡದ ಒಂದು ಯೂನಿಕೋಡ್ ಸಂಕೇತ ಶೇಕಡಾ ಚಿಹ್ನೆಗಳ ರೂಪಕ್ಕೆ ಬಂದಾಗ ಒಂಬತ್ತು ಅಕ್ಷರ ಹಿಡಿಯುತ್ತದೆ. ಹಾಗೆ 22 ಸಂಕೇತಗಳಿಗೇ ಮಿತಿ ಮುಗಿಯುತ್ತದೆ, ಗುಣಿತ ಚಿಹ್ನೆಯೂ ಒತ್ತಕ್ಷರ ಕಟ್ಟುವ ಹಲಂತ ಚಿಹ್ನೆಯೂ (್) ಒಂದೊಂದು ಸಂಕೇತ ಎಂಬುದನ್ನು ಮರೆಯಬೇಡಿ. ಉದ್ದ ಶೀರ್ಷಿಕೆಗಳ ವಿಳಾಸ ಅರ್ಧಕ್ಕೆ ಕತ್ತರಿಸಿಹೋಗಿರುವುದು ಇದರಿಂದ. ವರ್ಡ್‌ಪ್ರೆಸ್ ಬಿಟ್ಟು ಹೋಗುವಾಗ ಹೊಸ ವೇದಿಕೆ ಶೀರ್ಷಿಕೆಯಿಂದ ವಿಳಾಸವನ್ನು ಹೊಸದಾಗಿ ಕಟ್ಟಿದರೆ ಹಳೆಯದಕ್ಕೆ ಹೊಂದುವುದಿಲ್ಲ. ರಫ್ತು ಕಡತದಲ್ಲಿರುವ ಕತ್ತರಿಸಿದ ತುಣುಕನ್ನೇ ಹಾಗೇ ಬಳಸಿ.

ಹೊಸ ಫೀಡಿನ ಒಳಗು

ಬದಲಾವಣೆಗೆ ಮೊದಲೇ ಹೊಸ ಫೀಡನ್ನು ಡಬ್ಲ್ಯು3ಸಿ ಸಂಸ್ಥೆಯ ಫೀಡ್ ಪರೀಕ್ಷಕಕ್ಕೆ, ಅಂದರೆ ಫೀಡ್ ವ್ಯಾಲಿಡೇಟರ್‌ಗೆ, ಕೊಟ್ಟು ನೋಡಿ. ಫೀಡ್ ಬರೆಯುವ ಭಾಷೆಯಾದ ಎಕ್ಸ್‌ಎಂಎಲ್ ಯಾವ ದೋಷವನ್ನೂ ಸಹಿಸುವುದಿಲ್ಲ. ಕಡತದ ಮೊದಲ ಸಾಲಿಗಿಂತ ಮುಂಚೆ ಒಂದು ಖಾಲಿ ಸಾಲಿದ್ದರೂ ಕಟ್ಟುನಿಟ್ಟಾದ ರೀಡರ್‌ಗಳು ಇಡೀ ಫೀಡನ್ನು ತಿರಸ್ಕರಿಸುತ್ತವೆ. ವರ್ಡ್‌ಪ್ರೆಸ್ ಥೀಮಿನ ಫಂಕ್ಷನ್ಸ್ ಕಡತದ ಆಚೀಚೆ ಉಳಿದ ಖಾಲಿ ಸಾಲು ಇದಕ್ಕೆ ಹಳೆಯ ಕಾರಣ. ವರ್ಡ್‌ನಿಂದ ನಕಲಿಸಿದ ಬರಹದಲ್ಲಿ ಅಡಗಿರುವ ನಿಯಂತ್ರಣ ಅಕ್ಷರ ಇನ್ನೊಂದು ಕಾರಣ.

ಪರೀಕ್ಷಕ ಹಿಡಿಯದ ದೋಷಗಳೂ ಇವೆ, ಅವನ್ನು ಕಣ್ಣಿಟ್ಟು ನೋಡಬೇಕು. ಹ್ಯೂಗೋದ ಮೂಲ ಟೆಂಪ್ಲೇಟ್ ಪೂರ್ಣ ಬರಹ ಕೊಡುವುದಿಲ್ಲ, ಸಾರಾಂಶವನ್ನಷ್ಟೇ ಕೊಡುತ್ತದೆ. ಇದುವರೆಗೆ ಪೂರ್ಣ ಬರಹ ಓದುತ್ತಿದ್ದವರಿಗೆ ಇದ್ದಕ್ಕಿದ್ದಂತೆ ನಾಲ್ಕು ಸಾಲು ಬಂದರೆ ಅದೂ ಒಂದು ಬಗೆಯ ನಿಲುಗಡೆಯೇ, ಟೆಂಪ್ಲೇಟ್ ಬದಲಿಸಿ. ಹೊಸ ಥೀಮ್ ಚಿತ್ರಗಳನ್ನು ತಡವಾಗಿ ಲೋಡ್ ಮಾಡಲೆಂದು ಚಿತ್ರದ ವಿಳಾಸವನ್ನು ಬೇರೆ ಗುಣದಲ್ಲಿ ಅಡಗಿಸಿದ್ದರೆ, ರೀಡರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡದ ಕಾರಣ ಚಿತ್ರದ ಜಾಗ ಖಾಲಿ ಕಾಣುತ್ತದೆ. ಚಿತ್ರ ಮತ್ತು ಲಿಂಕ್‌ಗಳಿಗೆ ಡೊಮೇನ್ ಸಹಿತ ಪೂರ್ಣ ವಿಳಾಸ ಬೇಕು, ಸ್ಲ್ಯಾಶ್‌ನಿಂದ ಆರಂಭವಾಗುವ ಅರ್ಧ ವಿಳಾಸ ಹಲವು ರೀಡರ್‌ಗಳಲ್ಲಿ ಮುರಿಯುತ್ತದೆ. ಪ್ರಕಟಣೆಯ ದಿನಾಂಕಗಳು ಮೂಲದವೇ ಆಗಿರಲಿ. ಆಮದಾದ ದಿನವೇ ಎಲ್ಲ ಬರಹಗಳ ದಿನಾಂಕವಾಗಿ ಕೂತಿರುವುದು ಆಗಾಗ ಕಾಣುವ ತಪ್ಪು.

ಬದಲಾವಣೆಗೆ ಮುಂಚೆ ಪ್ರಯೋಗಕ್ಕೆ ಬಳಸಿದ ತಾಣದ ವಿಳಾಸ ಫೀಡಿನಲ್ಲಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿ. ಫೀಡ್ ತನ್ನ ವಿಳಾಸವನ್ನು ತಾನೇ ಹೇಳಿಕೊಳ್ಳುವ ‘ಸೆಲ್ಫ್’ ಲಿಂಕ್‌ನಲ್ಲಿ ಅದು ಉಳಿದರೆ ಓದುಗರು ಮುಚ್ಚಲಿರುವ ತಾಣಕ್ಕೆ ಅಂಟಿಕೊಳ್ಳಬಹುದು.

ರಿಡೈರೆಕ್ಟ್

ಡೊಮೇನ್ ನಿಮ್ಮದೇ ಆಗಿದ್ದರೆ, ಫೀಡಿನ ವಿಳಾಸವನ್ನು ಬದಲಿಸದೇ ಇರುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಹೊಸ ವೇದಿಕೆ ಫೀಡನ್ನು ಬೇರೆಲ್ಲಿ ಇಟ್ಟರೂ, ಸರ್ವರ್‌ನ ಒಳಗೇ ಹಳೆಯ ದಾರಿಯಲ್ಲಿ ಅದನ್ನು ಬಡಿಸುವಂತೆ ರೀರೈಟ್ ನಿಯಮ ಬರೆಯಬಹುದು. ರೀಡರ್‌ಗೆ ಏನೂ ತಿಳಿಯುವುದಿಲ್ಲ. ಹೀಗೆ ಮಾಡುವಾಗ ಕಡತ ಎಕ್ಸ್‌ಎಂಎಲ್ ಎಂದೇ ಸಾರುವ ಕಂಟೆಂಟ್-ಟೈಪ್ ಹೆಡರ್ ಹೋಗುತ್ತಿದೆಯೇ ನೋಡಿ.

ಅದಾಗದಿದ್ದರೆ ಸರ್ವರ್ ಕೊಡುವ ಉತ್ತರದ ಸಂಖ್ಯೆ 301 ಅಥವಾ 308 ಆಗಿರಲಿ, ಅಂದರೆ ಶಾಶ್ವತ ರಿಡೈರೆಕ್ಟ್. ಒಳ್ಳೆಯ ರೀಡರ್‌ಗಳು ಇದನ್ನು ಕಂಡು ತಮ್ಮಲ್ಲಿ ಉಳಿಸಿಕೊಂಡ ವಿಳಾಸವನ್ನೇ ಬದಲಿಸಿಕೊಳ್ಳುತ್ತವೆ. 302 ಮತ್ತು 307 ತಾತ್ಕಾಲಿಕ, ಅವಕ್ಕೆ ರೀಡರ್ ಹಳೆಯ ವಿಳಾಸವನ್ನೇ ಇಟ್ಟುಕೊಳ್ಳುತ್ತದೆ. ಮೊದಲ ಒಂದೆರಡು ದಿನ 302 ಇಟ್ಟು, ಎಲ್ಲ ಸರಿ ಇದೆ ಎಂದು ಖಚಿತವಾದ ಮೇಲೆ 301 ಮಾಡಿ. ತಪ್ಪು ವಿಳಾಸಕ್ಕೆ 301 ಕೊಟ್ಟು ರೀಡರ್‌ಗಳು ಅದನ್ನು ನಂಬಿಬಿಟ್ಟರೆ ಹಿಂದಕ್ಕೆ ಕರೆಯುವ ಉಪಾಯ ನಿಮ್ಮ ಕೈಯಲ್ಲಿರುವುದಿಲ್ಲ. ಪುಟದೊಳಗಿನ ಮೆಟಾ ರಿಫ್ರೆಶ್ ಅಥವಾ ಜಾವಾಸ್ಕ್ರಿಪ್ಟ್ ರಿಡೈರೆಕ್ಟ್ ಫೀಡ್ ರೀಡರ್‌ಗಳಿಗೆ ಅರ್ಥವಾಗುವುದಿಲ್ಲ.

ಹಳೆಯ ಡೊಮೇನ್‌ನ ಎಲ್ಲವನ್ನೂ ಹೊಸ ಮುಖಪುಟಕ್ಕೆ ಕಳಿಸುವ ನಿಯಮ ಫೀಡಿಗೆ ಮಾರಕ. ಫೀಡ್ ಕೇಳಿದ ರೀಡರ್‌ಗೆ ಎಚ್‌ಟಿಎಂಎಲ್ ಪುಟ ಸಿಕ್ಕರೆ ಅದು ದೋಷ ಎಂದು ಗುರುತು ಹಾಕಿಕೊಂಡು ಬರುವುದನ್ನೇ ಕಡಿಮೆ ಮಾಡುತ್ತದೆ. ಫೀಡ್ ನಿಯಮಗಳನ್ನು ಸಾಮಾನ್ಯ ನಿಯಮಗಳಿಗಿಂತ ಮೇಲೆ, ಪ್ರತ್ಯೇಕವಾಗಿ ಬರೆಯಿರಿ.

ಸರ್ವರ್ ತಂತ್ರಾಂಶವಾದ ಅಪಾಚೆಯ ಸರಳ ರಿಡೈರೆಕ್ಟ್ ಆಜ್ಞೆ ದಾರಿಯ ಆರಂಭವನ್ನು ಹೊಂದಿಸಿ, ಉಳಿದ ಭಾಗವನ್ನು ಹೊಸ ವಿಳಾಸದ ಕೊನೆಗೆ ಅಂಟಿಸುತ್ತದೆ. ‘/ಫೀಡ್’ ಅನ್ನು ‘/ಆರ್‌ಎಸ್‌ಎಸ್.ಎಕ್ಸ್‌ಎಂಎಲ್’ಗೆ ಕಳಿಸಿದರೆ, ಕೊನೆಯಲ್ಲಿ ಸ್ಲ್ಯಾಶ್ ಇರುವ ‘/ಫೀಡ್/’ ಹೋಗುವುದು ‘/ಆರ್‌ಎಸ್‌ಎಸ್.ಎಕ್ಸ್‌ಎಂಎಲ್/’ಗೆ, ಅಲ್ಲಿ ಏನೂ ಇಲ್ಲ. ರಿಡೈರೆಕ್ಟ್‌ಮ್ಯಾಚ್ ಬಳಸಿ ಆದಿ ಅಂತ್ಯ ಎರಡನ್ನೂ ಬಿಗಿಮಾಡಿ. ಇನ್ನೊಂದು ಸರ್ವರ್ ತಂತ್ರಾಂಶವಾದ ಎಂಜಿನ್‌ಎಕ್ಸ್‌ನಲ್ಲಿ ಸಮಚಿಹ್ನೆಯ ಲೊಕೇಶನ್ ಬ್ಲಾಕ್ ಬರೆದರೆ ಆ ದಾರಿಗೆ ಮಾತ್ರ ನಿಖರವಾಗಿ ಅನ್ವಯಿಸುತ್ತದೆ. ಆದರೆ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವನ್ನು ಅದು ನೋಡುವುದಿಲ್ಲ.

ಪ್ರತಿ ಹಳೆಯ ವಿಳಾಸವನ್ನೂ ಕರ್ಲ್ ಆಜ್ಞೆಯಲ್ಲಿ ಹೆಡರ್ ಮಾತ್ರ ತೋರಿಸುವ ಆಯ್ಕೆಯೊಂದಿಗೆ ಕೇಳಿ ನೋಡಿ. ಒಂದೇ ನೆಗೆತದಲ್ಲಿ 301 (ಮೊದಲ ಒಂದೆರಡು ದಿನ 302), ನಂತರ ಕೇಳಿದ್ದು ಸಿಕ್ಕಿತು ಎಂಬ 200 ಬರಬೇಕು. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಅಲ್ಲಿಂದ ಹೊಸ ಡೊಮೇನ್‌ಗೆ, ಅಲ್ಲಿಂದ ಕೊನೆಯ ಸ್ಲ್ಯಾಶ್‌ಗೆ ಎಂದು ಸರಪಳಿ ಬೆಳೆದಿದ್ದರೆ ಕಡಿದು ಒಂದೇ ಮಾಡಿ.

ಹೊಸ ಹೋಸ್ಟಿಂಗ್‌ನ ಮುಂದೆ ಕ್ಲೌಡ್‌ಫ್ಲೇರ್‌ನಂತಹ ರಕ್ಷಣಾ ಸೇವೆ ಇದ್ದರೆ, ರೋಬಾಟ್‌ಗಳನ್ನು ತಡೆಯುವ ಪರೀಕ್ಷೆಯಿಂದ ಫೀಡ್ ದಾರಿಯನ್ನು ಹೊರಗಿಡಿ. ಫೀಡ್ ರೀಡರ್ ಕೂಡ ರೋಬಾಟೇ. ಅದಕ್ಕೆ ಪ್ರವೇಶವಿಲ್ಲ ಎಂಬ 403 ಸಿಗುತ್ತದೆ, ಬ್ರೌಸರಿನಲ್ಲಿ ನೋಡುವ ನಿಮಗೆ ಎಲ್ಲವೂ ಸರಿಯಾಗಿ ಕಾಣುತ್ತದೆ.

ಹಳೆಯ ಡೊಮೇನ್ ನಿಮ್ಮದಲ್ಲದಿದ್ದರೆ

ಬ್ಲಾಗರ್‌ನ ಸೆಟ್ಟಿಂಗ್‌ಗಳಲ್ಲಿ ಸೈಟ್ ಫೀಡ್ ಭಾಗದಲ್ಲಿ ಪೋಸ್ಟ್ ಫೀಡನ್ನು ಬೇರೆ ವಿಳಾಸಕ್ಕೆ ಕಳಿಸುವ ಜಾಗ ಇದೆ, ಅಲ್ಲಿ ಹೊಸ ಫೀಡ್ ವಿಳಾಸ ತುಂಬಿ. ಆಮೇಲೂ ಮೂಲ ಫೀಡ್ ಬೇಕಾದರೆ ಹಳೆಯ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ರಿಡೈರೆಕ್ಟ್=ಫಾಲ್ಸ್’ ಸೇರಿಸಿ ಪಡೆಯಬಹುದು. ವರ್ಡ್‌ಪ್ರೆಸ್.ಕಾಮ್ ಹಣ ಪಡೆದು ಸೈಟ್ ರಿಡೈರೆಕ್ಟ್ ಸೇವೆ ಕೊಡುತ್ತದೆ. ಇಂತಹ ಯಾವ ಸೌಲಭ್ಯವೂ ಇಲ್ಲದ ಕಡೆ ಉಳಿಯುವುದು ಒಂದೇ ದಾರಿ: ಹಳೆಯ ಬ್ಲಾಗಿನಲ್ಲೇ ಕೊನೆಯ ಬರಹವಾಗಿ ಹೊಸ ಫೀಡಿನ ಪೂರ್ಣ ವಿಳಾಸ ಕೊಟ್ಟು, ಚಂದಾ ಬದಲಿಸಿಕೊಳ್ಳಿ ಎಂದು ಕೇಳುವುದು. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಹಾಕಿ, ಎಲ್ಲರೂ ರೀಡರನ್ನು ದಿನವೂ ತೆರೆಯುವುದಿಲ್ಲ. ಹಳೆಯ ಬ್ಲಾಗನ್ನು ಅಳಿಸಬೇಡಿ.

ಬದಲಿಸುವ ದಿನ

ಎರಡು ದಿನ ಮುಂಚೆ ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್ ದಾಖಲೆಯ ಟಿಟಿಎಲ್ ಅನ್ನು, ಅಂದರೆ ಇತರರು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ಆ ಹೊತ್ತಿನಿಂದ ಹೊಸ ಬರಹ ಪ್ರಕಟಿಸಬೇಡಿ.

ಫೀಡ್ ನೋಡಿ ತಾವಾಗಿ ಇಮೇಲ್ ಕಳಿಸುವ, ಸಾಮಾಜಿಕ ಜಾಲಗಳಿಗೆ ಹಾಕುವ ಎಲ್ಲ ಜೋಡಣೆಗಳನ್ನು ನಿಲ್ಲಿಸಿ. ಇದನ್ನು ಮಾತ್ರ ಮರೆಯಬೇಡಿ. ರೀಡರಿನಲ್ಲಿ ಹಳೆಯ ಬರಹ ಮತ್ತೆ ಬಂದರೆ ಓದುಗರು ಒಂದು ಗುಂಡಿ ಒತ್ತಿ ಓದಿದ್ದೇನೆ ಎಂದು ಗುರುತು ಹಾಕುತ್ತಾರೆ. ಹತ್ತು ಇಮೇಲ್ ಒಟ್ಟಿಗೆ ಹೋದರೆ ಚಂದಾ ರದ್ದು ಮಾಡುತ್ತಾರೆ, ಕಳಿಸಿದ ಇಮೇಲನ್ನು ವಾಪಸು ಪಡೆಯಲೂ ಆಗದು.

ಈಗ ಡಿಎನ್‌ಎಸ್ ಬದಲಿಸಿ, ರಿಡೈರೆಕ್ಟ್ ಚಾಲೂ ಮಾಡಿ. ಮುಂಚೆಯೇ ಎರಡು ಮೂರು ಬೇರೆ ಬೇರೆ ರೀಡರ್‌ಗಳಲ್ಲಿ ಹಳೆಯ ವಿಳಾಸಕ್ಕೆ ಚಂದಾದಾರರಾಗಿ ಎಲ್ಲವನ್ನೂ ಓದಿದಂತೆ ಗುರುತು ಹಾಕಿಟ್ಟಿರಿ. ಥಂಡರ್‌ಬರ್ಡ್‌ನಂತಹ ಕಂಪ್ಯೂಟರಿನದ್ದೊಂದು, ಇನೋರೀಡರ್‌ನಂತಹ ಜಾಲಸೇವೆಯೊಂದು ಇರಲಿ. ಬದಲಾವಣೆಯ ನಂತರ ಅಲ್ಲಿ ಓದದ ಬರಹ ಒಂದೂ ಕಾಣಬಾರದು. ಒಂದು ದಿನ ಬಿಟ್ಟು ಚಿಕ್ಕದೊಂದು ಹೊಸ ಬರಹ ಹಾಕಿ. ಅದೊಂದೇ ಬಂದರೆ ವಿಳಾಸವೂ ಗುರುತೂ ಸರಿಯಾಗಿವೆ. ಆಮೇಲೆ ನಿಲ್ಲಿಸಿದ ಜೋಡಣೆಗಳನ್ನು ಒಂದೊಂದಾಗಿ ಹೊಸ ಫೀಡಿಗೆ ತಿರುಗಿಸಿ ಮತ್ತೆ ಚಾಲೂ ಮಾಡಿ. ಹೊಸ ಪುಟಗಳ ತಲೆಭಾಗದಲ್ಲಿ ಫೀಡಿನ ವಿಳಾಸ ಸಾರುವ ಆಲ್ಟರ್ನೇಟ್ ಲಿಂಕ್ ಇದೆಯೇ ನೋಡಿ. ಹೊಸದಾಗಿ ಸೇರುವವರ ರೀಡರ್ ಫೀಡನ್ನು ಪತ್ತೆಹಚ್ಚುವುದು ಅದರಿಂದ.

ಅದೇ ಫೀಡಿನಲ್ಲಿ ಪಾಡ್‌ಕಾಸ್ಟ್ ಇದ್ದರೆ 301 ಜೊತೆಗೆ ಹೊಸ ಫೀಡಿನಲ್ಲಿ ಐಟ್ಯೂನ್ಸ್‌ನ ನ್ಯೂ-ಫೀಡ್-ಯುಆರ್‌ಎಲ್ ಟ್ಯಾಗ್ ಕೂಡ ಹಾಕಿ. ಎರಡನ್ನೂ ಕನಿಷ್ಠ ನಾಲ್ಕು ವಾರ ಇಡಬೇಕೆಂದು ಆಪಲ್ ಹೇಳುತ್ತದೆ. ಸಂಚಿಕೆಗಳ ಗುರುತು ಬದಲಾದರೆ ಕೇಳುಗರ ಫೋನಿನಲ್ಲಿ ಎಲ್ಲವೂ ಮತ್ತೆ ಡೌನ್‌ಲೋಡ್ ಆಗಬಹುದು.

ನಂತರದ ತಿಂಗಳುಗಳು

ವಾರಕ್ಕೊಮ್ಮೆ ಲಾಗ್ ನೋಡಿ. ಹೊಸ ಫೀಡಿಗೆ 200 ಮತ್ತು 304 ಬರುತ್ತಿದ್ದರೆ ಸರಿ. 304 ದೋಷವಲ್ಲ, ಹೊಸದೇನೂ ಇಲ್ಲ ಎಂಬ ಉತ್ತರ. 404 (ಸಿಗಲಿಲ್ಲ), 403 (ಪ್ರವೇಶವಿಲ್ಲ), 429 (ಕೋರಿಕೆಗಳು ವಿಪರೀತ) ಕಂಡರೆ ಯಾವ ದಾರಿ, ಯಾವ ರೀಡರ್ ಎಂದು ನೋಡಿ ಸರಿಪಡಿಸಿ. ಮೊದಲು ಬರೆದಿಟ್ಟ ಚಂದಾದಾರರ ಸಂಖ್ಯೆಯನ್ನು ಈಗಿನದರ ಜೊತೆ ಹೋಲಿಸಿ. ಹಳೆಯ ಮತ್ತು ಹೊಸ ವಿಳಾಸಗಳಿಗೆ ಸಂಖ್ಯೆ ಹಂಚಿಹೋಗಿರಬಹುದು, ಕೂಡಿಸಿ ನೋಡಬೇಕು.

301 ಕಂಡರೂ ವಿಳಾಸ ಬದಲಿಸಿಕೊಳ್ಳದ ರೀಡರ್‌ಗಳು ವರ್ಷಗಟ್ಟಲೆ ಹಳೆಯ ವಿಳಾಸಕ್ಕೇ ಬರುತ್ತಿರುತ್ತವೆ. ಹಾಗಾಗಿ ರಿಡೈರೆಕ್ಟ್ ತೆಗೆಯುವ ಯೋಚನೆಯನ್ನೇ ಇಟ್ಟುಕೊಳ್ಳಬೇಡಿ. ಹಳೆಯ ಡೊಮೇನ್‌ನ ನೋಂದಣಿಯನ್ನೂ ಅದರ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನೂ ಚಾಲ್ತಿಯಲ್ಲಿಡಿ. ಪ್ರಮಾಣಪತ್ರದ ಅವಧಿ ಮುಗಿದರೆ ರೀಡರ್ ರಿಡೈರೆಕ್ಟ್ ತನಕ ತಲುಪುವುದೇ ಇಲ್ಲ. ಡೊಮೇನ್ ಬಿಟ್ಟುಕೊಟ್ಟರೆ ಅದನ್ನು ಕೊಂಡವರು ಅದೇ ಫೀಡ್ ದಾರಿಯಲ್ಲಿ ತಮಗೆ ಬೇಕಾದ ಜಾಹೀರಾತು ತುಂಬಿ, ನಿಮ್ಮ ಓದುಗರ ರೀಡರಿಗೆ ನಿಮ್ಮ ಹೆಸರಿನಲ್ಲೇ ಕಳಿಸಬಹುದು. ಎಂದಾದರೂ ಒಂದು ಫೀಡನ್ನು ನಿಜವಾಗಿ ಮುಚ್ಚಬೇಕಾದರೆ 404 ಬೇಡ, 410 ಕೊಡಿ. ಈ ವಸ್ತು ಇನ್ನು ಬರುವುದಿಲ್ಲ ಎಂದು ರೀಡರ್ ಅದರಿಂದ ತಿಳಿದುಕೊಳ್ಳುತ್ತದೆ.